ಮಗುವಿನ ಮೊಣಕಾಲಿನ ರಕ್ತ ನನ್ನ ಕೈಗೆ ಹತ್ತಿತು, ಈಗ ಏನು ಮಾಡಲಿ?

ಶಾಲೆ ಅಕ್ಕೋರು | ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಊರು, ತರಗತಿ ಯಾವುದನ್ನೂ ಬರೆಯುವುದಿಲ್ಲ. ಯಾಕೆ ಅಂತ ಓದಿದರೆ ನಿಮಗೇ ಗೊತ್ತಾಗುತ್ತದೆ.

ನಿನ್ನೆ ಮಧ್ಯಾಹ್ನ ಮೂರರ ಸುಮಾರಿಗೆ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಒಬ್ಬ ಹುಡುಗ ಜಾರಿ ಬಿದ್ದ. ನಮ್ಮ ಅಂಗಳದಲ್ಲಿ ಜಲ್ಲಿ ಜಾಸ್ತಿ. ಮೊಣಕಾಲಿನ ಚರ್ಮ ಕಿತ್ತು ರಕ್ತ ಸುರಿಯಿತು. ನಾನು ಓಡಿ ಹೋಗಿ, ಕೈಯಲ್ಲಿ ಏನೂ ಇಲ್ಲದೆ, ನನ್ನ ಕರವಸ್ತ್ರವನ್ನೇ ಒತ್ತಿ ಹಿಡಿದೆ. ನೀರು ಹಾಕಿ ತೊಳೆದು ಪಟ್ಟಿ ಕಟ್ಟಿದೆ. ಆಮೇಲೆ ಅವನೇ ಹೇಳಿದ, "ಅಕ್ಕೋರ, ನಿಮ್ಮ ಕೈಗೆ ರಕ್ತ ಹತ್ತೈತ್ರಿ" ಅಂತ. ಸೋಪು ಹಚ್ಚಿ ತೊಳೆದುಕೊಂಡೆ, ಮರೆತುಬಿಟ್ಟೆ.

ಇವತ್ತು ಬೆಳಿಗ್ಗೆ ಅವನ ಅಜ್ಜಿ ಬಂದಳು. ನನ್ನನ್ನು ಗೋಡೆಯ ಮರೆಗೆ ಕರೆದು, ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು: "ಅಕ್ಕೋರ, ಅವನ ರಕ್ತ ಮುಟ್ಟಬ್ಯಾಡ್ರಿ. ಹುಟ್ಟಿದಾಗಿಂದ ಅವನಿಗೆ ಗುಳಿಗಿ ನಡದೈತ್ರಿ. ಅವರವ್ವಗೂ ಅದ ಇತ್ತು." ಎಚ್‌ಐವಿ ಗುಳಿಗೆ ಅಂತ ನನಗೆ ಅರ್ಥವಾಯಿತು.

ನನ್ನ ಬಲಗೈ ತೋರುಬೆರಳಿನಲ್ಲಿ ಒಂದು ಗಾಯ ಇದೆ. ಮಂಗಳವಾರ ರಾತ್ರಿ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುವಾಗ ಕೊಯ್ದದ್ದು. ಚಿಕ್ಕದು, ಅರ್ಧ ಇಂಚೂ ಇಲ್ಲ. ಆದರೆ ಇವತ್ತು ಇಡೀ ದಿನ ಅದನ್ನೇ ನೋಡುತ್ತಾ ಕೂತಿದ್ದೇನೆ. ಡೆಟ್ಟಾಲ್ ಹಾಕಿ ಹಾಕಿ ಕೈ ಸುಲಿದಿದೆ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅವಳಿಗೆ ಕೈತುತ್ತು ಕೊಡಲಿಲ್ಲ. ಯಜಮಾನರಿಗೂ ಹೇಳಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಇವತ್ತು ಆ ಹುಡುಗ ನೋಟ್‌ಬುಕ್ ತೋರಿಸಲು ಬಂದಾಗ "ಅಲ್ಲೇ ಇಡು" ಅಂದೆ. ಅವನು ಸುಮ್ನೆ ಇಟ್ಟು ಹೋದ. ಆ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ತಿಳಿದವರು ದಯವಿಟ್ಟು ನಿಜ ಹೇಳಿ.

ನೈಟ್ ಡ್ಯೂಟಿ | ಗುರುವಾರ, ರಾತ್ರಿ 10:05

ಟೀಚರ್, ನಾನು ಸ್ಟಾಫ್ ನರ್ಸ್, 14 ವರ್ಷದ ಸರ್ವಿಸ್. ಮೊದಲು ಮಗಳನ್ನು ಎತ್ತಿಕೊಂಡು ಮುದ್ದು ಮಾಡಿ ಬನ್ನಿ. ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಈಗ ವಿಷಯಕ್ಕೆ ಬರೋಣ. ಗಾಯವಿಲ್ಲದ ಚರ್ಮದ ಮೇಲೆ ಎಷ್ಟೇ ರಕ್ತ ಬಿದ್ದರೂ ಎಚ್‌ಐವಿ ಬರುವುದಿಲ್ಲ. ನಮ್ಮ ಚರ್ಮದ ಮೇಲ್ಪದರ ಸತ್ತ ಕೋಶಗಳದ್ದು. ವೈರಸ್ಸಿಗೆ ಬೇಕಾದ ಜೀವಂತ ಕೋಶ ಅಲ್ಲಿ ಸಿಗುವುದಿಲ್ಲ. ನಿಮ್ಮ ಬೆರಳಿನ ಗಾಯದ್ದು ಮಾತ್ರ ಉಳಿದ ಪ್ರಶ್ನೆ. ಬುಧವಾರ ಮಧ್ಯಾಹ್ನ ಅದರಿಂದ ರಕ್ತ ಬರುತ್ತಿತ್ತಾ? ಒತ್ತಿದರೆ ಒಸರುತ್ತಿತ್ತಾ? ಅಥವಾ ಹೆಕ್ಕಳೆ ಕಟ್ಟಿತ್ತಾ? ಸೋಪು ಹಚ್ಚಿದಾಗ ಉರಿಯಿತಾ?

ಶಾಲೆ ಅಕ್ಕೋರು | ಗುರುವಾರ, ರಾತ್ರಿ 10:11

ರಕ್ತ ಬರುತ್ತಿರಲಿಲ್ಲ. ಕಂದು ಬಣ್ಣದ ಹೆಕ್ಕಳೆ ಇತ್ತು. ಉರಿದ ನೆನಪಿಲ್ಲ.

ನೈಟ್ ಡ್ಯೂಟಿ | ಗುರುವಾರ, ರಾತ್ರಿ 10:30

ಹಾಗಾದರೆ ಹೆದರುವ ಕಾರಣ ನನಗೆ ಕಾಣುವುದಿಲ್ಲ. ಮುಚ್ಚಿದ ಗಾಯ ಬಾಗಿಲು ಹಾಕಿದ ಮನೆ ಇದ್ದಂತೆ. ಆದರೂ ನಾನು ಇಲ್ಲಿ ಕೂತು ಬರೆದದ್ದನ್ನು ನಂಬಿ ಸುಮ್ಮನಾಗಬೇಡಿ. ನಾಳೆ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬೆರಳು ತೋರಿಸಿ. ಯಾಕೆಂದರೆ ಇದಕ್ಕೆ ಒಂದು ಗಡುವು ಇದೆ. ರಕ್ತ ತಾಗಿದ 72 ಗಂಟೆಯೊಳಗೆ ಶುರು ಮಾಡಿದರೆ ಸೋಂಕು ತಡೆಯುವ ಔಷಧ ಇದೆ. ಪಿಇಪಿ ಅನ್ನುತ್ತಾರೆ. 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ನಿಮ್ಮ ಲೆಕ್ಕದಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಗಡುವು ಮುಗಿಯುತ್ತದೆ. ನಿಮಗೆ ಅದು ಬೇಕಾಗುವುದಿಲ್ಲ ಅಂತಲೇ ನನ್ನ ಅಂದಾಜು, ಆದರೆ ಬೇಕೋ ಬೇಡವೋ ಅಂತ ಗಾಯ ನೋಡಿದ ಡಾಕ್ಟರ್ ಹೇಳಲಿ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 2016ರಲ್ಲಿ ಒಂದು ರಾತ್ರಿ ರೋಗಿಯಿಂದ ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕಲು ಹೋಗಿ ನನ್ನ ಎಡಗೈಗೆ ಚುಚ್ಚಿಕೊಂಡೆ. ಗ್ಲೌಸ್ ತೂತಾಗಿ ಒಳಗೆ ಒಂದು ಹನಿ ಕೆಂಪು ಕಾಣಿಸಿತು. ಆ ರೋಗಿಗೆ ಎಚ್‌ಐವಿ ಇದೆ ಅಂತ ಚೀಟಿಯಲ್ಲೇ ಇತ್ತು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತದ್ದು, ನೀರು ಹರಿಯುವ ಸದ್ದು, ಇವತ್ತಿಗೂ ನೆನಪಿದೆ. ಬೆರಳು ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಸ್ಪಿರಿಟ್ಟು, ಬ್ಲೀಚು ಸುರಿಯಬಾರದು. ಬರೀ ಸೋಪು, ನೀರು. ಒಂದು ಗಂಟೆಯೊಳಗೆ ಮೊದಲ ಗುಳಿಗೆ ನುಂಗಿದೆ. 28 ದಿನ ಹೊಟ್ಟೆ ತೊಳಸುತ್ತಿತ್ತು. ಆರು ವಾರ, ಮೂರು ತಿಂಗಳು, ಆರು ತಿಂಗಳು, ಮೂರೂ ಟೆಸ್ಟ್ ನೆಗೆಟಿವ್.

ಅಂಥ ಚುಚ್ಚುವಿಕೆ ಅಂದರೆ ಎಷ್ಟು ಅಪಾಯ ಗೊತ್ತಾ? ಎಚ್‌ಐವಿ ಇರುವವರ ರಕ್ತದ ಸೂಜಿ 10,000 ಸಲ ಚುಚ್ಚಿದರೆ, ಔಷಧ ಏನೂ ತೆಗೆದುಕೊಳ್ಳದೆ ಬಿಟ್ಟರೂ, ಸೋಂಕು ತಗಲುವುದು ಸುಮಾರು 23 ಸಲ. ಕಣ್ಣಿಗೆ, ಬಾಯಿಗೆ ರಕ್ತ ಸಿಡಿದರೆ ಅದಕ್ಕಿಂತ ಕಡಿಮೆ, ಹತ್ತು ಸಾವಿರಕ್ಕೆ ಸುಮಾರು 9. ಅದೇ ಸೋಂಕಿರುವ ರಕ್ತವನ್ನು ಬಾಟಲಿಯಲ್ಲಿ ಏರಿಸಿದರೆ 9,000ಕ್ಕೂ ಮೇಲೆ. ರಕ್ತ ಅದೇ. ಅದು ಎಲ್ಲಿಗೆ, ಎಷ್ಟು ಹೋಯಿತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೂರು ಮಕ್ಕಳ ಅಪ್ಪ | ಶುಕ್ರವಾರ, ಬೆಳಿಗ್ಗೆ 7:15

ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದರೆ ನನ್ನ ಮಗನೂ ಕಬಡ್ಡಿ ಆಡುತ್ತಾನೆ. ಇಬ್ಬರಿಗೂ ಮೊಣಕಾಲು ತರಚಿರುತ್ತದೆ, ಒಬ್ಬರ ಮೇಲೆ ಒಬ್ಬರು ಬಿದ್ದಿರುತ್ತಾರೆ. ಗಾಯಕ್ಕೆ ಗಾಯ ತಾಗಿದರೆ? ಬೇರೆ ಪಾಲಕರಿಗೆ ಒಂದು ಮಾತು ತಿಳಿಸುವುದು ಶಾಲೆಯ ಕರ್ತವ್ಯ ಅಲ್ವಾ? ಆ ಹುಡುಗನ ಮೇಲೆ ದ್ವೇಷದಿಂದ ಹೇಳುತ್ತಿಲ್ಲ. ನನ್ನ ಮಗನ ಮೇಲಿನ ಪ್ರೀತಿಯಿಂದ ಕೇಳುತ್ತಿದ್ದೇನೆ.

ಅಂಗಳದ ಗೆರೆ | ಶುಕ್ರವಾರ, ಬೆಳಿಗ್ಗೆ 8:02

ಅಣ್ಣಾ, ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾನು ದೈಹಿಕ ಶಿಕ್ಷಕ. ಕಬಡ್ಡಿಯಲ್ಲಿ ಯಾರಿಗೇ ರಕ್ತ ಬಂದರೂ ಆಟ ನಿಲ್ಲಿಸಿ ಅವರನ್ನು ಹೊರಗೆ ಕರೆಯುತ್ತೇವೆ. ರಕ್ತ ನಿಂತು, ಗಾಯ ಮುಚ್ಚಿದ ಮೇಲೆಯೇ ಒಳಗೆ. ಇದು ಯಾರ ರಕ್ತ ಅಂತ ನೋಡಿ ಮಾಡುವ ನಿಯಮ ಅಲ್ಲ, ಎಲ್ಲರಿಗೂ ಒಂದೇ.

ನಿಮಗೆ ಎರಡು ನಿಜ ಘಟನೆ ಹೇಳುತ್ತೇನೆ. 1988ರ ಸಿಯೋಲ್ ಒಲಿಂಪಿಕ್ಸ್. ಅಮೆರಿಕದ ಡೈವರ್ ಗ್ರೆಗ್ ಲುಗಾನಿಸ್ ಜಿಗಿಯುವಾಗ ತಲೆ ಹಲಗೆಗೆ ಹೊಡೆದು ನೀರಿಗೆ ಬಿದ್ದರು, ರಕ್ತ ಬಂತು. ಡಾಕ್ಟರ್ ಗ್ಲೌಸ್ ಇಲ್ಲದೆಯೇ ಹೊಲಿಗೆ ಹಾಕಿದರು. ತನಗೆ ಎಚ್‌ಐವಿ ಇದೆ ಅಂತ ಲುಗಾನಿಸ್‌ಗೆ ಆಗಲೇ ಗೊತ್ತಿತ್ತು, ಹೇಳಲು ಧೈರ್ಯ ಬರಲಿಲ್ಲ. ಚಿನ್ನ ಗೆದ್ದರು. 1995ರಲ್ಲಿ ಲೋಕಕ್ಕೆ ಹೇಳಿದರು. ಹೊಲಿಗೆ ಹಾಕಿದ ಡಾಕ್ಟರ್‌ಗೂ, ಅದೇ ನೀರಿಗೆ ಜಿಗಿದವರಿಗೂ ಏನೂ ಆಗಲಿಲ್ಲ. ಅದೂ ಎಚ್‌ಐವಿಗೆ ಇವತ್ತಿನಂಥ ಔಷಧ ಇಲ್ಲದ ಕಾಲ.

ಇನ್ನೊಬ್ಬರು ಬ್ಯಾಸ್ಕೆಟ್‌ಬಾಲ್‌ನ ಮ್ಯಾಜಿಕ್ ಜಾನ್ಸನ್. 1991ರಲ್ಲಿ ತನ್ನ ಸೋಂಕಿನ ವಿಷಯ ಹೇಳಿದರು. 1992ರಲ್ಲಿ ಮತ್ತೆ ಆಡಲು ಬಂದಾಗ ಕೈಗೆ ಒಂದು ಗೀರು ಬಿತ್ತು. ಕ್ರೀಡಾಂಗಣ ಪೂರ್ತಿ ಆ ಗೀರನ್ನೇ ನೋಡಿತು. ಬೇರೆ ಆಟಗಾರರ ಭಯ ನೋಡಿ ಅವರು ಆಟ ಬಿಟ್ಟರು. ಅವರು ಅಂಗಳ ಬಿಟ್ಟದ್ದು ಸೋಂಕಿನಿಂದ ಅಲ್ಲ, ಒಂದು ಗೀರು ಹುಟ್ಟಿಸಿದ ಹೆದರಿಕೆಯಿಂದ.

ತರಚು ಗಾಯಕ್ಕೆ ತರಚು ಗಾಯ ತಾಗಿದರೆ ಅಪಾಯ ಸೊನ್ನೆ ಅಂತ ಲೆಕ್ಕದ ಮೇಲೆ ಹೇಳಲಾಗದು. ಆದರೆ ತೀರಾ ತೀರಾ ಕಡಿಮೆ. ರಕ್ತ ಬಂದವನನ್ನು ಹೊರಗೆ ಕರೆಯುವ ನಿಯಮ ಇರುವುದೇ ಅದನ್ನೂ ಇಲ್ಲವಾಗಿಸಲು.

ಲ್ಯಾಬ್ ಕಿಟಕಿ | ಶುಕ್ರವಾರ, ಬೆಳಿಗ್ಗೆ 9:20

ಲ್ಯಾಬ್ ಟೆಕ್ನಿಷಿಯನ್ ಆಗಿ ಸ್ವಲ್ಪ ಸೇರಿಸುತ್ತೇನೆ. ಎಚ್‌ಐವಿ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆ ಇದೆ. ಎಣ್ಣೆ ಜಿಡ್ಡನ್ನು ಸೋಪು ಹೇಗೆ ತೆಗೆಯುತ್ತದೋ ಹಾಗೇ ಈ ಹೊದಿಕೆಯನ್ನೂ ಒಡೆಯುತ್ತದೆ. ರಕ್ತ ಒಣಗಿದರೂ ಅಷ್ಟೇ, ಕೆಲವು ಗಂಟೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಮೈಯಿಂದ ಹೊರಗೆ ಅದು ಹೆಚ್ಚುವುದಂತೂ ಇಲ್ಲ. ಬೆಂಚಿನ ಮೇಲೆ ಒಣಗಿದ ಕಲೆ, ಬಸ್ಸಿನ ಸೀಟಿನ ಕಲೆ, ಬಟ್ಟೆಯ ಕಲೆ, ಇವುಗಳಿಂದ ಬರುವುದಿಲ್ಲ. ಬೆವರು, ಕಣ್ಣೀರು, ಎಂಜಲಿನಿಂದಲೂ ಇಲ್ಲ. ಸೊಳ್ಳೆಯಿಂದಲೂ ಇಲ್ಲ, ಅದರ ಹೊಟ್ಟೆಯಲ್ಲಿ ಈ ವೈರಸ್ ಬದುಕಿ ಬೆಳೆಯುವುದಿಲ್ಲ.

ಸಿರಿಂಜಿನ ಕತೆ ಬೇರೆ. ಸೂಜಿಯ ಕೊಳವೆಯೊಳಗೆ ಗಾಳಿ ಆಡದೆ, ರಕ್ತ ಒಣಗದೆ ಉಳಿದಾಗ ವೈರಸ್ ದಿನಗಟ್ಟಲೆ, ತಂಪಿದ್ದರೆ ವಾರಗಟ್ಟಲೆ ಉಳಿಯಬಲ್ಲದು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮೌನಲ್ಲಿ ಒಬ್ಬ ನಕಲಿ ವೈದ್ಯ ಒಂದೇ ಸೂಜಿಯನ್ನು ಎಲ್ಲರಿಗೂ ಚುಚ್ಚಿದ್ದರಿಂದ ಹತ್ತಾರು ಜನಕ್ಕೆ ಸೋಂಕು ಬಂತು ಅಂತ ಸುದ್ದಿಯಾಯಿತು. ಮರುವರ್ಷ ಪಾಕಿಸ್ತಾನದ ರತೋಡೆರೋದಲ್ಲಿ ನೂರಾರು ಮಕ್ಕಳಿಗೆ ಬಂತು. ಅಲ್ಲೂ ಸಿಕ್ಕಿದ್ದು ಮತ್ತೆ ಮತ್ತೆ ಬಳಸಿದ ಸಿರಿಂಜು. ಪಾಲಕರು ಎಚ್ಚರ ವಹಿಸಬೇಕಾದ ಜಾಗ ಇದು. ಜ್ವರ ಬಂದಾಗ ಮಗುವನ್ನು ಕರೆದುಕೊಂಡು ಹೋಗುವ ಕ್ಲಿನಿಕ್‌ನಲ್ಲಿ ಹೊಸ ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯುತ್ತಾರಾ ನೋಡಿ. ಕೇಳಲು ಸಂಕೋಚ ಬೇಡ.

ರಕ್ತದ ವಿಷಯದಲ್ಲಿ ನಾನು ಎಚ್‌ಐವಿಗಿಂತ ಲಿವರ್‌ಗೆ ಹತ್ತುವ ಹೆಪಟೈಟಿಸ್ ಬಿ ವೈರಸ್ ಬಗ್ಗೆ ಜಾಸ್ತಿ ಹೆದರುತ್ತೇನೆ. ಅದು ಒಣಗಿದ ರಕ್ತದಲ್ಲೂ ಏಳು ದಿನ ಉಳಿಯುತ್ತದೆ. ಲಸಿಕೆ ಹಾಕಿಸದವರಿಗೆ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಆದರೆ ಅದಕ್ಕೆ ಲಸಿಕೆ ಇದೆ. ಟೀಚರ್, ನೀವು ಹಾಕಿಸಿಕೊಂಡಿದ್ದೀರಾ? ಇವತ್ತು ಆಸ್ಪತ್ರೆಯಲ್ಲಿ ಅದನ್ನೂ ಕೇಳಿ.

ಕತ್ತರಿ ಬಾಚಣಿಗೆ | ಶುಕ್ರವಾರ, ಮಧ್ಯಾಹ್ನ 1:30

ಈಗ ಅಂಗಡಿಯಲ್ಲಿ ಗಿರಾಕಿ ಇಲ್ಲ, ಓದುತ್ತಾ ಕೂತೆ. ನಮ್ಮದು ತಂದೆ ಕಾಲದಿಂದ ಸಲೂನ್. ಅಪ್ಪ ಒಂದೇ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು ಹತ್ತು ಜನಕ್ಕೆ ಕ್ಷೌರ ಮಾಡುತ್ತಿದ್ದರು. ನಾವು ಈಗ ಒಬ್ಬರಿಗೆ ಒಂದು ಬ್ಲೇಡು. ಅರ್ಧ ಮುರಿದು ಹಾಕುತ್ತೇವೆ, ಮುಗಿದ ಮೇಲೆ ಡಬ್ಬಕ್ಕೆ.

ಆದರೆ ಲ್ಯಾಬ್‌ನವರು ಹೇಳಿದ್ದು ಓದಿ ಒಂದು ವಿಷಯ ಚುಚ್ಚಿತು. ಪಟಿಕದ ಕಲ್ಲು. ಗೀರು ಬಿದ್ದಲ್ಲಿ ರಕ್ತ ನಿಲ್ಲಲಿ ಅಂತ ಒದ್ದೆ ಮಾಡಿ ತಿಕ್ಕುತ್ತೇವೆ. ಒಂದೇ ಕಲ್ಲು, ಎಲ್ಲರ ಕೆನ್ನೆಗೂ. ಬ್ಲೇಡು ಬದಲಿಸಿದವನು ಕಲ್ಲು ಬದಲಿಸಲಿಲ್ಲ. ಇದರಿಂದ ಏನಾದರೂ ಬರುತ್ತದಾ?

ಲ್ಯಾಬ್ ಕಿಟಕಿ | ಶುಕ್ರವಾರ, ಮಧ್ಯಾಹ್ನ 2:10

ಎಚ್‌ಐವಿ ದೃಷ್ಟಿಯಿಂದ ಭಯ ಬೇಡ ಅಣ್ಣಾ. ಹೆಪಟೈಟಿಸ್ ಬಿ ದೃಷ್ಟಿಯಿಂದ ಆ ಕಲ್ಲು ಬಿಡುವುದು ಒಳ್ಳೆಯದು. ಪಟಿಕ ಪುಡಿ ಮಾಡಿ ಇಟ್ಟುಕೊಳ್ಳಿ, ಒಬ್ಬೊಬ್ಬರಿಗೆ ಹೊಸ ಹತ್ತಿಯಲ್ಲಿ ಒತ್ತಿ, ಹತ್ತಿ ಎಸೆಯಿರಿ. ಮನೆಯಲ್ಲೂ ಅಷ್ಟೇ, ರೇಜರು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಅವರವರದ್ದು ಅವರಿಗೆ.

ಕತ್ತರಿ ಬಾಚಣಿಗೆ | ಶುಕ್ರವಾರ, ಮಧ್ಯಾಹ್ನ 2:14

ಇವತ್ತೇ ಪುಡಿ ಮಾಡುತ್ತೇನೆ.

ಹಸಿರು ಬಳೆ | ಶುಕ್ರವಾರ, ಸಂಜೆ 6:45

ಇದನ್ನು ಬರೆಯಲಾ ಬೇಡವಾ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಾನು ಎಚ್‌ಐವಿ ಇರುವ ಹೆಂಗಸು. ನನ್ನ ಗಂಡನಿಂದ ಬಂತು, ಅವರು ಈಗ ಇಲ್ಲ. 2007ರಲ್ಲಿ ಮಗಳು ಹುಟ್ಟುವಾಗ ನನಗೆ ಒಂದು ಗುಳಿಗೆ, ಹುಟ್ಟಿದ ಮೇಲೆ ಅವಳಿಗೆ ನಾಲ್ಕು ಹನಿ ಸಿರಪ್ ಕೊಟ್ಟರು. ಅವಳಿಗೆ ಬರಲಿಲ್ಲ. ಒಂದೂವರೆ ವರ್ಷಕ್ಕೆ ಕೊನೆಯ ಟೆಸ್ಟ್ ನೆಗೆಟಿವ್ ಅಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ.

ಅವಳಿಗೆ ಆರು ವರ್ಷವಾದಾಗ ಮನೆಯಲ್ಲಿ ಗೌರಿ ಹಬ್ಬ. ನೀರಿನ ಕೊಡ ಎತ್ತುವಾಗ ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಹೊಕ್ಕಿತು. ಮನೆ ತುಂಬಾ ಜನ. ನನ್ನ ನಾದಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಉಳಿದವರೂ ಸರಿದರು. ನನ್ನ ಮಗಳು ಓಡಿ ಬಂದು, ಹಗ್ಗದ ಮೇಲಿದ್ದ ಟವೆಲ್ ಎಳೆದು ನನ್ನ ಕೈಗೆ ಸುತ್ತಿದಳು. ನಾನು "ಮುಟ್ಟಬೇಡ" ಅಂತ ಕಿರುಚಿ ಅವಳನ್ನು ತಳ್ಳಿದೆ. ಅವಳು ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡಳು. ರಕ್ತ ಮುಟ್ಟಿದ್ದರಿಂದ ಅವಳಿಗೆ ಏನೂ ಆಗಲಿಲ್ಲ. ನಾನು ತಳ್ಳಿದ್ದರಿಂದ ಹಣೆ ಊದಿಕೊಂಡಿತು.

ಟೀಚರ್, ಆ ಅಜ್ಜಿ ನಿಮಗೆ ಯಾಕೆ ಹೇಳಿದಳು ಅಂತ ನನಗೆ ಗೊತ್ತು. ಮೊಮ್ಮಗನ ರಕ್ತ ನೀವು ಬರಿಗೈಯಲ್ಲಿ ಒರೆಸಿದಿರಿ ಅಂತ ಕೇಳಿ ಅವಳಿಗೆ ನಿದ್ದೆ ಬಂದಿರುವುದಿಲ್ಲ. ನಿಮ್ಮ ಒಳ್ಳೆಯದಕ್ಕೆ ಹೇಳಿದಳು. ಆ ಮಾತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಹೆಡ್ ಮೇಷ್ಟ್ರಿಗೂ ಬೇಡ. ಮೂರು ಮಕ್ಕಳ ಅಪ್ಪನವರೇ, ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ "ಪಾಲಕರಿಗೆ ಒಂದು ಮಾತು" ಊರಲ್ಲಿ ಒಂದೇ ಮಾತಾಗಿ ಉಳಿಯುವುದಿಲ್ಲ. ನನ್ನ ಅಕ್ಕನ ಮಗನನ್ನು ಒಂದು ಶಾಲೆಯಲ್ಲಿ ಊಟಕ್ಕೆ ಬೇರೆ ಕೂರಿಸಿದರು. ಅವನು ಐದನೇ ತರಗತಿಗೇ ಶಾಲೆ ಬಿಟ್ಟ.

ನೈಟ್ ಡ್ಯೂಟಿ | ಶುಕ್ರವಾರ, ರಾತ್ರಿ 8:30

ಹಸಿರು ಬಳೆ ಅವರೇ, ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಅಂತ ಶಾಲೆಗೆ ಸೇರಿಸದೆ ಇರುವುದು, ಬೇರೆ ಕೂರಿಸುವುದು ತಪ್ಪು. ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವುದೂ ತಪ್ಪು.

ಆ ಹುಡುಗ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ ಅನ್ನುವುದು ನಿಮ್ಮೆಲ್ಲರಿಗೂ ಧೈರ್ಯ ಕೊಡಬೇಕಾದ ಸುದ್ದಿ. ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧ 2004ರಿಂದ ಉಚಿತ. ಸರಿಯಾಗಿ ತೆಗೆದುಕೊಂಡವರ ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಇಳಿಯುತ್ತದೆ. ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ ಅಂತ ಸಾವಿರಾರು ದಂಪತಿಗಳನ್ನು ವರ್ಷಗಟ್ಟಲೆ ನೋಡಿ ಖಚಿತ ಮಾಡಿದ್ದಾರೆ. ಸೂಜಿ ಚುಚ್ಚಿದಾಗ ಮಾತ್ರ ನಾವು ಆಗಲೂ ಪಿಇಪಿ ಕೇಳುತ್ತೇವೆ, ಆ ವಿಷಯದಲ್ಲಿ ಸೊನ್ನೆ ಅನ್ನುವ ಮಾತನ್ನು ಬಳಸುವುದಿಲ್ಲ. ಆದರೆ ವೈರಸ್ ಕಡಿಮೆ ಇದ್ದಷ್ಟೂ ಅಪಾಯ ಕಡಿಮೆ.

ಯೋಚನೆ ಮಾಡಬೇಕಾದದ್ದು ಗೊತ್ತಿಲ್ಲದವರ ಬಗ್ಗೆ. ಸೋಂಕಿದ್ದೂ ಟೆಸ್ಟ್ ಮಾಡಿಸದವರು ಎಲ್ಲ ಊರಲ್ಲೂ ಇರಬಹುದು. ಅದಕ್ಕೇ ಒಬ್ಬ ಹುಡುಗನ ಹೆಸರು ಹೇಳಿ ಯಾರನ್ನೂ ಕಾಪಾಡಲು ಆಗುವುದಿಲ್ಲ. ಎಲ್ಲರ ರಕ್ತಕ್ಕೂ ಗ್ಲೌಸ್ ಹಾಕಿದರೆ ಎಲ್ಲರನ್ನೂ ಕಾಪಾಡಬಹುದು. ಗ್ಲೌಸ್ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಳ್ಳಿ, ದಪ್ಪ ಬಟ್ಟೆ ಒತ್ತಿ. ದೊಡ್ಡ ಮಗುವಾದರೆ ಅವನ ಕೈಯಲ್ಲೇ ಒತ್ತಿಸಿ.

ಶಾಲೆ ಅಕ್ಕೋರು | ಶುಕ್ರವಾರ, ರಾತ್ರಿ 9:50

ಇವತ್ತು ಅರ್ಧ ದಿನ ರಜೆ ಹಾಕಿ ಹೋಗಿ ಬಂದೆ. ಡಾಕ್ಟರ್ ಬೆರಳನ್ನು ಟಾರ್ಚ್ ಹಾಕಿ ನೋಡಿದರು. ಎಷ್ಟು ರಕ್ತ, ಎಲ್ಲಿ ತಾಗಿತು, ಎಷ್ಟು ಹೊತ್ತು ಇತ್ತು, ಯಾವಾಗ ತೊಳೆದಿರಿ ಅಂತ ಕೇಳಿದರು. ಗಾಯ ಪೂರ್ತಿ ಮುಚ್ಚಿದೆ, ಪಿಇಪಿ ಬೇಡ ಅಂದರು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡೆ, ಇನ್ನೆರಡು ಬಾಕಿ. ಕೈ ಸುಲಿದಿದ್ದಕ್ಕೆ ಮುಲಾಮು ಕೊಟ್ಟು, "ಡೆಟ್ಟಾಲ್ ಹಾಕಿ ಚರ್ಮ ಒಡೆದುಕೊಂಡರೆ ನೀವೇ ಬಾಗಿಲು ತೆರೆದ ಹಾಗೆ" ಅಂದರು.

ಅಲ್ಲೇ ಐಸಿಟಿಸಿ ಅಂದರೆ ಎಚ್‌ಐವಿ ಸಲಹೆ, ಟೆಸ್ಟ್ ಕೇಂದ್ರದ ಕೌನ್ಸೆಲರ್ ಹತ್ತಿರ ಅರ್ಧ ಗಂಟೆ ಕೂತಿದ್ದೆ. ಯಾವಾಗ ಬೇಕಾದರೂ ಉಚಿತವಾಗಿ ಟೆಸ್ಟ್ ಮಾಡಿಸಬಹುದು, ಹೆಸರು ಹೊರಗೆ ಹೋಗುವುದಿಲ್ಲ ಅಂದರು. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಮಾತಾಡುತ್ತಾರಂತೆ, ದುಡ್ಡು ಕೊಡಬೇಕಿಲ್ಲ. ನಿನ್ನೆ ರಾತ್ರಿ ಈ ನಂಬರ್ ಗೊತ್ತಿದ್ದರೆ ಅಷ್ಟು ನರಳುತ್ತಿರಲಿಲ್ಲ.

ಯಜಮಾನರಿಗೆ ನನ್ನ ಕೈಯ ವಿಷಯ ಹೇಳಿದೆ. ಮಗುವಿನ ವಿಷಯ ಹೇಳಲಿಲ್ಲ.

ಮೂರು ಮಕ್ಕಳ ಅಪ್ಪ | ಶನಿವಾರ, ಬೆಳಿಗ್ಗೆ 6:50

ಎಲ್ಲವನ್ನೂ ಎರಡು ಸಲ ಓದಿದೆ. ಪಾಲಕರಿಗೆ ಹೇಳಬೇಕು ಅಂದ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನಮ್ಮ ಮಗನ ಶಾಲೆಗೆ ಒಂದು ಡಬ್ಬ ಗ್ಲೌಸ್ ಕೊಡಿಸಬೇಕು ಅಂತಿದ್ದೇನೆ. ಯಾವುದು ತರಲಿ?

ಅಂಗಳದ ಗೆರೆ | ಶನಿವಾರ, ಬೆಳಿಗ್ಗೆ 7:30

ಮೆಡಿಕಲ್ ಶಾಪಿನಲ್ಲಿ ಎಕ್ಸಾಮಿನೇಷನ್ ಗ್ಲೌಸ್ ಅಂತ ಕೇಳಿ ಅಣ್ಣಾ, 100ರ ಡಬ್ಬ ಸಿಗುತ್ತದೆ. ಮೀಡಿಯಂ ಸೈಜ್ ಹೆಚ್ಚಿನವರಿಗೆ ಆಗುತ್ತದೆ. ಜೊತೆಗೆ ಗಾಜ್ ಬಟ್ಟೆ, ಅಂಟು ಪಟ್ಟಿ, ಒಂದು ಸೋಪು. ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ ಅಂತ ಹೇಳಿ. ಅಂಗಳದ ಬಾಗಿಲಿಗೇ ಮೊಳೆ ಹೊಡೆದು ಚೀಲದಲ್ಲಿ ನೇತು ಹಾಕಲಿ. ರಕ್ತ ಬಂದಾಗ ಬೀಗದ ಕೈ ಹುಡುಕಲು ಪುರುಸೊತ್ತು ಇರುವುದಿಲ್ಲ.

ಹಸಿರು ಬಳೆ | ಶನಿವಾರ, ಬೆಳಿಗ್ಗೆ 10:15

ಅಣ್ಣಾ, ನಿಮಗೆ ಒಳ್ಳೆಯದಾಗಲಿ. ಟೀಚರ್, ಆ ಹುಡುಗನ ನೋಟ್‌ಬುಕ್ ನೋಡಿದಿರಾ?

ಶಾಲೆ ಅಕ್ಕೋರು | ಮಂಗಳವಾರ, ರಾತ್ರಿ 8:20

ನೋಡಿದೆ ಅಕ್ಕಾ. ಸೋಮವಾರ ಅವನನ್ನು ಕರೆದು ನನ್ನ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡೇ ತಿದ್ದಿದೆ. ಅವನ ಅಜ್ಜಿಗೂ ಹೇಳಿ ಕಳಿಸಿದ್ದೆ. ಬಂದಳು. ಡಾಕ್ಟರ್‌ಗೆ ತೋರಿಸಿದೆ, ಏನೂ ಆಗಿಲ್ಲ, ನೀವು ಹೇಳಿದ್ದು ನನ್ನ ಹತ್ತಿರವೇ ಇದೆ ಅಂದೆ. ಅವಳು ನನ್ನ ಕೈ ಹಿಡಿಯಲು ಬಂದು ತಡೆದಳು. ನಾನೇ ಹಿಡಿದುಕೊಂಡೆ.

ಇವತ್ತು ಮಧ್ಯಾಹ್ನ ಊಟ ಬಿಟ್ಟ ಮೇಲೆ ಹುಡುಗ ಬಂದ. "ಅಕ್ಕೋರ, ಪಟ್ಟಿ ತುರಸಾಕ ಹತ್ತೈತ್ರಿ, ತೆಗಿಲೇನ್ರಿ?" ಅಂದ. ಕಟ್ಟೆಯ ಮೇಲೆ ಕೂರಿಸಿ ನಾನೇ ಅಂಟು ಬಿಡಿಸಿದೆ. ಮೊಣಕಾಲಿನ ಗಾಯ ಒಣಗಿ, ಅಂಚಿನಲ್ಲಿ ಹೊಸ ಚರ್ಮ ತಿಳಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಅವನು ಕಾಲು ಮಡಿಸಿ, ಬಿಚ್ಚಿ, ಇನ್ನೊಮ್ಮೆ ಮಡಿಸಿ ನೋಡಿ, ಅಂಗಳಕ್ಕೆ ಓಡಿದ.